ತೋಟದ ಯಾವ ಕೆಲಸಕ್ಕೆ ಯಾವ ಹವಾಮಾನ ಮಾದರಿ? ಚಿಕ್ಕಮಗಳೂರು, ಹಾಸನದವರಿಗೆ ಒಂದು ಹೋಲಿಕೆ

ಮಾರ್ಚ್, ಏಪ್ರಿಲ್ ಬಂತೆಂದರೆ ಮೂಡಿಗೆರೆ, ಸಕಲೇಶಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಜಗಳ. ಒಬ್ಬರು ಫೋನಿನ ಚಿತ್ರ ಹಾಕಿ "ನಾಳೆ 70 ಸೆಂಟ್ಸ್ ಗ್ಯಾರಂಟಿ" ಅನ್ನುತ್ತಾರೆ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ ಮಳೆ). ಇನ್ನೊಬ್ಬರು ಬೇರೆ ಆ್ಯಪ್ ಚಿತ್ರ ಹಾಕಿ "ಏನೂ ಇಲ್ಲ ಸಾರ್, ಬರೀ ಮೋಡ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ್ಯಪ್‌ಗಳ ಹಿಂದೆ ಲೆಕ್ಕ ಹಾಕುವ ಮಾದರಿಗಳು ಬೇರೆ ಬೇರೆ, ಅಷ್ಟೇ.

"ಇದರಲ್ಲಿ ಯಾವುದು ಬೆಸ್ಟ್?" ಅಂತ ಕೇಳಿದರೆ ಉತ್ತರ ಇಲ್ಲ. "ನಾಳಿದ್ದು ಬೋರ್ಡೋ ದ್ರಾವಣ ಹೊಡೆಯಬಹುದಾ? ಸ್ಪ್ರಿಂಕ್ಲರ್ ಹಾಕಲಾ, ಮಳೆಗೆ ಕಾಯಲಾ? ಕಣದಲ್ಲಿರುವ ಕಾಫಿ ಮುಚ್ಚಬೇಕಾ?" ಅಂತ ಕೇಳಿದರೆ ಉತ್ತರ ಇದೆ, ಮತ್ತು ಪ್ರತಿ ಪ್ರಶ್ನೆಗೂ ಬೇರೆ ಬೇರೆ ಮಾದರಿ ನೋಡಬೇಕಾಗುತ್ತದೆ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ವಿಂಡಿ ಅನ್ನುವ ಆ್ಯಪ್ ಮಾದರಿಯಲ್ಲ, ಅದು ಅಂಗಡಿ ಇದ್ದ ಹಾಗೆ. ಒಳಗೆ ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯೂಎಫ್, ಜರ್ಮನಿಯ ಐಕಾನ್ ಎಲ್ಲವೂ ಸಿಗುತ್ತವೆ. ಯಾವುದನ್ನು ಒತ್ತಿದ್ದೀರಿ ಅಂತ ನೋಡಿಕೊಳ್ಳಬೇಕು. ಫೋನಿನ ಜೊತೆಗೇ ಬರುವ ಎಷ್ಟೋ ಹವಾಮಾನ ಆ್ಯಪ್‌ಗಳು ಮಾದರಿಯ ಹೆಸರನ್ನೇ ಹೇಳುವುದಿಲ್ಲ. ಅಂಥದ್ದನ್ನು ನಂಬಿ ಕೊಡೆ ಹಿಡಿಯಬಹುದು, ಡೀಸೆಲ್ ಸುಡಬಾರದು.

ಎಲ್ಲರದ್ದೂ ಒಂದೇ ಸಮೀಕರಣ, ಆದರೂ ಉತ್ತರ ಬೇರೆ

ಹವಾಮಾನವನ್ನು ಲೆಕ್ಕ ಹಾಕಿಯೇ ಹೇಳಬಹುದು ಅಂತ 1904ರಲ್ಲಿ ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್ ಬರೆದರು. ತಿರುಗುವ ಭೂಮಿಯ ಮೇಲೆ ಗಾಳಿ ಹೇಗೆ ಓಡುತ್ತದೆ, ಕಾವು ಮತ್ತು ತೇವ ಅದರ ಜೊತೆ ಹೇಗೆ ಸಾಗುತ್ತವೆ, ಒತ್ತಡ ಹೇಗೆ ಬದಲಾಗುತ್ತದೆ ಅನ್ನುವ ಬೆರಳೆಣಿಕೆಯ ಸಮೀಕರಣಗಳು ಸಾಕು. ಲೂಯಿಸ್ ರಿಚರ್ಡ್‌ಸನ್ ಅದನ್ನು ಕೈಯಲ್ಲೇ ಮಾಡಿ 1922ರಲ್ಲಿ ಪ್ರಕಟಿಸಿದರು. ಆರು ಗಂಟೆಯಲ್ಲಿ ಒತ್ತಡ 145 ಮಿಲಿಬಾರ್ ಬದಲಾಗುತ್ತದೆ ಅಂತ ಉತ್ತರ ಬಂತು. ಆ ದಿನ ನಿಜವಾಗಿ ಒತ್ತಡ ಹೆಚ್ಚುಕಡಿಮೆ ಅಲುಗಿರಲೇ ಇಲ್ಲ! ಸಮೀಕರಣದಲ್ಲಿ ತಪ್ಪಿರಲಿಲ್ಲ. ಲೆಕ್ಕ ಶುರು ಮಾಡಿದ ಅಂಕಿಗಳಲ್ಲಿ ಗಾಳಿಗೂ ಒತ್ತಡಕ್ಕೂ ತಾಳೆ ಇರಲಿಲ್ಲ. 1950ರಲ್ಲಿ ಎನಿಯಾಕ್ ಕಂಪ್ಯೂಟರಿನಲ್ಲಿ ಮೊದಲ ಸಲ ಸರಿಯಾಗಿ ಲೆಕ್ಕ ಕೂಡಿತು. ಆದರೆ 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆಯೇ ಹಿಡಿಯಿತು.

ಇವತ್ತಿನ ಮಾದರಿಗಳೂ ಇದನ್ನೇ ಮಾಡುತ್ತವೆ. ಆಕಾಶವನ್ನು ಚೌಕಗಳಾಗಿ ಕತ್ತರಿಸುತ್ತವೆ. ಒಂದು ಚೌಕಕ್ಕೆ ಒಂದೇ ಗಾಳಿ, ಒಂದೇ ಉಷ್ಣತೆ, ಒಂದೇ ತೇವ. ಚೌಕಕ್ಕಿಂತ ಚಿಕ್ಕದು ಯಾವುದೂ ಅದಕ್ಕೆ ಕಾಣುವುದಿಲ್ಲ. ಗುಡುಗು ಮೋಡದಂಥ ಚಿಕ್ಕ ಸಂಗತಿಗಳನ್ನು ಅಂದಾಜಿನ ಸೂತ್ರ ಹಾಕಿ ತುಂಬಿಸುತ್ತವೆ. ಚೌಕ ಎಷ್ಟು ದೊಡ್ಡದು, ಅಂದಾಜಿನ ಸೂತ್ರ ಯಾವುದು, ಆರಂಭದ ಅಂಕಿ ಎಲ್ಲಿಂದ ಬಂತು, ಈ ಮೂರರಲ್ಲೇ ಮಾದರಿಗಳ ವ್ಯತ್ಯಾಸವೆಲ್ಲ ಇರುವುದು.

ಈಗ ನಮ್ಮ ಊರಿಗೆ ಬರೋಣ. ಜಿಎಫ್‌ಎಸ್ ಮತ್ತು ಐಕಾನ್ ಜಾಗತಿಕ ಮಾದರಿಗಳ ಚೌಕ ಸುಮಾರು 13 ಕಿಲೋಮೀಟರ್. ಇಸಿಎಂಡಬ್ಲ್ಯೂಎಫ್‌ನದ್ದು 9. ಚಿಕ್ಕಮಗಳೂರಿನಿಂದ ಕಡೂರಿಗೆ 40 ಕಿಲೋಮೀಟರ್, ಅಂದರೆ ಜಿಎಫ್‌ಎಸ್‌ಗೆ ಬರೀ ಮೂರು ಚೌಕ. ಆ ಮೂರು ಚೌಕದಲ್ಲೇ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗಬೇಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಚೌಕದ ಸರಾಸರಿಯಲ್ಲಿ ಕರಗಿ ಸಾಧಾರಣ ಗುಡ್ಡವಾಗುತ್ತದೆ. ಇನ್ನೂ ಒಂದು ವಿಷಯ ಇದೆ. ಮಾದರಿಗೆ ಒಂದು ಆಕಾರ ಸರಿಯಾಗಿ ಸಿಗಬೇಕಾದರೆ ಅದು ಆರೇಳು ಚೌಕದಷ್ಟಾದರೂ ಅಗಲ ಇರಬೇಕು. 13 ಕಿಲೋಮೀಟರಿನ ಚೌಕಕ್ಕೆ ಅದು 80-90 ಕಿಲೋಮೀಟರ್ ಆಯಿತು. ಚಾರ್ಮಾಡಿಯ ಕಡಿದಾದ ಗೋಡೆ ಅಷ್ಟು ಅಗಲ ಎಲ್ಲಿದೆ? ಹಾಗಾಗಿ ಘಟ್ಟದ ಅಂಚಿಗೆ ಬೀಳಬೇಕಾದ ಮಳೆಯನ್ನು ಜಾಗತಿಕ ಮಾದರಿ ಪೂರ್ವಕ್ಕೆ ಹರಡಿ ತೋರಿಸುತ್ತದೆ. ಕೊಟ್ಟಿಗೆಹಾರಕ್ಕೆ ಕಡಿಮೆ ಹೇಳುತ್ತದೆ, ಬೇಲೂರು ಕಡೆಗೆ ಜಾಸ್ತಿ ಹೇಳುತ್ತದೆ.

ನಾವಿರುವ ಅಕ್ಷಾಂಶವೂ ಸ್ವಲ್ಪ ಕಷ್ಟದ್ದೇ. ಭೂಮಿ ತಿರುಗುವುದರಿಂದ ಗಾಳಿಯ ಮೇಲೆ ಬೀಳುವ ಪ್ರಭಾವ, ಅಂದರೆ ಕೊರಿಯೊಲಿಸ್, 13 ಡಿಗ್ರಿಯಲ್ಲಿ ಯುರೋಪಿನ 45 ಡಿಗ್ರಿಯ ಮೂರನೇ ಒಂದು ಭಾಗ ಮಾತ್ರ. ಅಲ್ಲಿ ಒತ್ತಡದ ನಕ್ಷೆ ಸರಿ ಇದ್ದರೆ ಗಾಳಿ ತನ್ನಷ್ಟಕ್ಕೆ ಸರಿಹೋಗುತ್ತದೆ. ಇಲ್ಲಿ ಹಾಗಿಲ್ಲ. ಮಳೆ ಮೋಡ ಬಿಡುಗಡೆ ಮಾಡುವ ಕಾವೇ ಗಾಳಿಯನ್ನು ತಿರುಗಿಸಿಬಿಡುತ್ತದೆ. "ಯುರೋಪಿನ ಮಾದರಿ ಅಲ್ಲಿ ಹತ್ತು ದಿನ ಹೇಳುತ್ತದಂತೆ, ಇಲ್ಲಿ ಯಾಕೆ ಮೂರು ದಿನಕ್ಕೇ ಕೈ ಕೊಡುತ್ತದೆ?" ಅಂತ ಕೇಳುವವರಿಗೆ ಮುಖ್ಯ ಕಾರಣ ಇದೇ.

ಹೂಮಳೆ: ಅಂಕಿ ನೋಡಬೇಡಿ, ಸಾಧ್ಯತೆ ನೋಡಿ

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ದುಡ್ಡೂ ಇದರಲ್ಲೇ ಜಾಸ್ತಿ ಇರುವುದು. ರೋಬಸ್ಟಾ ಕಾಫಿಗೆ ಸುಮಾರು ಒಂದು ಇಂಚು ಮಳೆ ಒಟ್ಟಿಗೆ ಬಿದ್ದರೆ ಏಳೆಂಟು ದಿನಕ್ಕೆ ಹೂ ಅರಳುತ್ತದೆ. ಅರೆಬರೆ ಮಳೆ ಬಂದರೆ ಮೊಗ್ಗು ಅರ್ಧಕ್ಕೇ ನಿಲ್ಲುತ್ತದೆ. ಈ ಮಳೆ ಬರುವುದು ಮಧ್ಯಾಹ್ನದ ಮೇಲೆ ಎದ್ದ ಗುಡುಗು ಮೋಡದಿಂದ. ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಪಕ್ಕದ ತೋಟಕ್ಕೆ ಒಂದೂಕಾಲು ಇಂಚು, ನಮ್ಮ ಗೇಟಿನ ಹತ್ತಿರ ಹತ್ತು ಸೆಂಟ್ಸ್, ಇದು ಎಲ್ಲರಿಗೂ ಗೊತ್ತಿರುವ ಕಥೆ ಅಲ್ವಾ?

ಜಾಗತಿಕ ಮಾದರಿಗೆ ಆ ಮೋಡ ಕಾಣುವುದೇ ಇಲ್ಲ. ಅದರ ಅಂದಾಜಿನ ಸೂತ್ರ ಚೌಕದ ತುಂಬ ತೆಳ್ಳಗೆ ಮಳೆ ಸವರಿಬಿಡುತ್ತದೆ. ಅದಕ್ಕೇ ಆ್ಯಪ್‌ನಲ್ಲಿ ವಾರವಿಡೀ ದಿನಕ್ಕೆ 3 ಮಿಲಿಮೀಟರ್, ಅಂದರೆ 12 ಸೆಂಟ್ಸ್ ಅಂತ ಕಾಣುವುದು. ಅದನ್ನು ಕೂಡಿ "ವಾರಕ್ಕೆ 80 ಸೆಂಟ್ಸ್ ಆಯಿತು" ಅಂತ ಲೆಕ್ಕ ಹಾಕಬೇಡಿ. ನಿಮ್ಮ ಸುತ್ತಮುತ್ತ ಗುಡುಗು ಏಳಲು ಹವೆ ಸಿದ್ಧವಾಗಿದೆ, ಯಾರಿಗೋ ಒಬ್ಬರಿಗೆ ಬೀಳುತ್ತದೆ ಅಂತ ಮಾತ್ರ ಅದರ ಅರ್ಥ.

ಇಲ್ಲಿ ಕೆಲಸಕ್ಕೆ ಬರುವುದು ಒಂದೇ ಓಟದ ಉತ್ತರವಲ್ಲ, ಗುಂಪು ಮುನ್ಸೂಚನೆ. ಆರಂಭದ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಬದಲಿಸಿ ಅದೇ ಮಾದರಿಯನ್ನು ಹಲವು ಸಲ ಓಡಿಸುತ್ತಾರೆ. ಇಸಿಎಂಡಬ್ಲ್ಯೂಎಫ್ 51 ಸಲ, ಅಮೆರಿಕದವರ ಗುಂಪು 31 ಸಲ. 51ರಲ್ಲಿ ಎಷ್ಟು ಓಟಗಳು ನಿಮ್ಮ ಜಾಗಕ್ಕೆ ಒಳ್ಳೆ ಮಳೆ ತೋರಿಸುತ್ತವೆ ಅಂತ ಎಣಿಸಿದರೆ ಸಾಧ್ಯತೆ ಸಿಗುತ್ತದೆ.

ಸಾಧ್ಯತೆ ಇಟ್ಟುಕೊಂಡು ಏನು ಮಾಡುವುದು? ಕೆರೆಯಲ್ಲಿ ನೀರಿರುವವರಿಗೆ ಸುಲಭದ ಲೆಕ್ಕ ಇದೆ. ಸ್ಪ್ರಿಂಕ್ಲರ್ ಹಾಕುವ ಖರ್ಚನ್ನು, ನೀರೂ ಹಾಕದೆ ಮಳೆಯೂ ಬಾರದೆ ಹೋದರೆ ಆಗುವ ನಷ್ಟದಿಂದ ಭಾಗಿಸಿ. ಮಳೆ ಬಾರದಿರುವ ಸಾಧ್ಯತೆ ಆ ಉತ್ತರಕ್ಕಿಂತ ಹೆಚ್ಚಿದ್ದರೆ ನೀರು ಹಾಕಿ. ಲೆಕ್ಕಕ್ಕೆ ಹೇಳುವುದಾದರೆ ಖರ್ಚು 20 ಸಾವಿರ, ನಷ್ಟ 1 ಲಕ್ಷ ಅಂದುಕೊಳ್ಳಿ. ಭಾಗಿಸಿದರೆ ಶೇಕಡಾ 20. ಅಂದರೆ ಮಳೆ ಬರುವ ಸಾಧ್ಯತೆ ಶೇಕಡಾ 80ಕ್ಕಿಂತ ಮೇಲಿದ್ದರೆ ಮಾತ್ರ ಕಾಯಬೇಕು. ಮಾರ್ಚಿನಲ್ಲಿ ಒಂದು ಇಂಚಿಗೆ ಯಾವ ಗುಂಪು ಮುನ್ಸೂಚನೆಯಾದರೂ ಅಷ್ಟು ಧೈರ್ಯವಾಗಿ ಹೇಳುವುದು ಅಪರೂಪ. ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿದೆ. ನೀರಿದ್ದು, ಮೊಗ್ಗು ತಯಾರಾಗಿದ್ದರೆ ಫೋನ್ ನೋಡುತ್ತಾ ಕೂರಬೇಡಿ. ನೀರಿಲ್ಲದವರು ಯಾವ ಮಾದರಿ ನೋಡಿದರೂ ಮಾಡಲಿಕ್ಕೆ ಏನೂ ಇಲ್ಲ. ಅವರಿಗೆ ಭರಣಿ ಮಳೆಯ ಗಾದೆಯೂ ಒಂದೇ, ಇಸಿಎಂಡಬ್ಲ್ಯೂಎಫ್ ಕೂಡ ಒಂದೇ.

ಇವತ್ತು ಸಂಜೆ ಬರುತ್ತದಾ ಅನ್ನುವ ಪ್ರಶ್ನೆಗೆ ಮಾದರಿ ಬಿಟ್ಟುಬಿಡಿ. ಇನ್ಸಾಟ್ ಉಪಗ್ರಹದ ಚಿತ್ರ ನೋಡಿ, ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್‌ನಲ್ಲಿ ಸಿಡಿಲು ಎಲ್ಲಿದೆ ನೋಡಿ. ಅಷ್ಟು ಸಾಕು.

ಮುಂಗಾರು: ಮಳೆ ಬಿಟ್ಟು ಗಾಳಿ ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಶ್ನೆ ತಿರುಗುತ್ತದೆ. ಮಳೆ ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ಎರಡು ದಿನ ಬಿಡುವು ಯಾವಾಗ ಸಿಗುತ್ತದೆ ಅಂತ ಕೇಳುತ್ತಾರೆ. ಗೊಬ್ಬರ ಹಾಕಬೇಕು, ಕೊಳೆರೋಗಕ್ಕೆ ಬೋರ್ಡೋ ಹೊಡೆಯಬೇಕು.

ಈ ಕಾಲದಲ್ಲಿ ಜಾಗತಿಕ ಮಾದರಿಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಸರಿಯಾದದ್ದನ್ನು ನೋಡಿದರೆ. ಮಳೆಯ ಬಣ್ಣ ನೋಡಬೇಡಿ. ವಿಂಡಿಯಲ್ಲಿ ಎತ್ತರವನ್ನು 850 ಹೆಕ್ಟೋಪ್ಯಾಸ್ಕಲ್‌ಗೆ, ಅಂದರೆ ಸುಮಾರು 1,500 ಮೀಟರಿಗೆ ಇಟ್ಟು ಮಂಗಳೂರಿನ ಮೇಲಿನ ಪಡುಗಾಳಿ ನೋಡಿ. ಅರಬ್ಬಿ ಸಮುದ್ರ ದಾಟಿ ಬರುವ ಮುಂಗಾರಿನ ಜೋರು ಗಾಳಿ ಸಾಗುವುದು ಹೆಚ್ಚುಕಡಿಮೆ ಆ ಎತ್ತರದಲ್ಲೇ. ಅದು ಸಾವಿರಾರು ಕಿಲೋಮೀಟರ್ ಉದ್ದದ ಹರಿವು. 13 ಕಿಲೋಮೀಟರಿನ ಚೌಕಕ್ಕೂ ಅದು ಸಲೀಸಾಗಿ ಸಿಗುತ್ತದೆ. ಗಾಳಿ ಬಲವಾಗಿದ್ದರೆ ಘಟ್ಟದ ಮೇಲೆ ಮಳೆ ಬಿಡುವುದಿಲ್ಲ. ಗಾಳಿ ಸೋತರೆ, ಅಥವಾ ದಿಕ್ಕು ಉತ್ತರಕ್ಕೆ ತಿರುಗಿದರೆ, ನಿಮ್ಮ ಬಿಡುವು ಹತ್ತಿರ ಬಂತು.

ಇದರ ಹಿಂದೆ ಒಂದು ಚಂದದ ಲೆಕ್ಕ ಇದೆ. ಗಾಳಿಯ ವೇಗವನ್ನು, ಬೆಟ್ಟದ ಎತ್ತರ ಮತ್ತು ಹವೆಯ ಸ್ಥಿರತೆಯ ಗುಣಲಬ್ಧದಿಂದ ಭಾಗಿಸುತ್ತಾರೆ. ವೇಗ ಸೆಕೆಂಡಿಗೆ 10 ಮೀಟರ್, ಎತ್ತರ 1,000 ಮೀಟರ್, ಸ್ಥಿರತೆ ಸೆಕೆಂಡಿಗೆ 0.01 ಅಂದುಕೊಂಡರೆ ಉತ್ತರ ಸರಿಯಾಗಿ 1. ಅದಕ್ಕಿಂತ ತುಂಬ ಕಡಿಮೆ ಆದರೆ ಗಾಳಿ ಘಟ್ಟದ ಬುಡದಲ್ಲೇ ತಡೆದು ನಿಲ್ಲುತ್ತದೆ, ಮಳೆ ಕರಾವಳಿಯ ಪಾಲಾಗುತ್ತದೆ. ಜಾಸ್ತಿ ಆದರೆ ಗಾಳಿ ಗೋಡೆ ಹತ್ತಿ ಈ ಕಡೆ ಬರುತ್ತದೆ. ನಮ್ಮ ಘಟ್ಟ ಆ ಗಡಿಯ ಮೇಲೆಯೇ ಕೂತಿದೆ. ಅದಕ್ಕೇ ಗಾಳಿಯ ವೇಗ ಸ್ವಲ್ಪ ಏರಿಳಿದರೂ ಶಿರಾಡಿ, ಚಾರ್ಮಾಡಿಯ ಮೇಲಿನ ಮಳೆ ಅಷ್ಟೊಂದು ಬದಲಾಗುವುದು.

ಮಳೆಯ ಅಂಕಿಯೇ ಬೇಕು ಅನ್ನುವವರು ನಿಮ್ಮ ಮಳೆಮಾಪಕದ ಪುಸ್ತಕ ತೆಗೆಯಿರಿ. ಹೆಚ್ಚಿನ ತೋಟಗಳಲ್ಲಿ ಅದು ಇದ್ದೇ ಇದೆ. ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, "1-35" ಅಂತ ಬರೆಯುತ್ತಾರೆ. ಒಂದು ಇಂಚು ಮೂವತ್ತೈದು ಸೆಂಟ್ಸ್. ಪಕ್ಕದಲ್ಲಿ ಇನ್ನೊಂದು ಗೀಟು ಎಳೆದು ಹಿಂದಿನ ದಿನ ಮಾದರಿ ಹೇಳಿದ್ದನ್ನು ಬರೆಯಿರಿ. ಒಂದು ಇಂಚಿಗೆ 25.4 ಮಿಲಿಮೀಟರ್. ಹೊತ್ತು ಮಾತ್ರ ಸರಿಹೊಂದಿಸಿಕೊಳ್ಳಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ. ಆ್ಯಪ್‌ನ ದಿನ ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಜುಲೈ ಪೂರ್ತಿ ಹೀಗೆ ಬರೆದರೆ ನಿಮ್ಮ ತೋಟದ ಗುಣಕ ಸಿಗುತ್ತದೆ. ಮಾದರಿ 40 ಅಂದಾಗಲೆಲ್ಲ ನಿಮ್ಮಲ್ಲಿ 80ರ ಆಸುಪಾಸು ಬೀಳುತ್ತಿದ್ದರೆ ಮುಂದಿನ ವರ್ಷವೂ ಎರಡರಿಂದ ಗುಣಿಸಿಕೊಳ್ಳಬಹುದು. ಯಾಕೆಂದರೆ ತಪ್ಪಿಗೆ ಕಾರಣ ಬೆಟ್ಟ, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಏಪ್ರಿಲ್ ಮಳೆಗೆ ಈ ಗುಣಕ ಹಾಕಬೇಡಿ. ಅಲ್ಲಿ ತಪ್ಪು ದಿನಕ್ಕೊಂದು ಕಡೆ ಇರುತ್ತದೆ.

ನಮ್ಮದೇ ಭಾರತ್ ಮುನ್ಸೂಚನೆ ವ್ಯವಸ್ಥೆ

2025ರ ಮೇ 26ರಂದು ಕೇಂದ್ರ ಸರ್ಕಾರ ಇದನ್ನು ಬಿಡುಗಡೆ ಮಾಡಿತು. ಕಟ್ಟಿದ್ದು ಪುಣೆಯ ಐಐಟಿಎಂ. ಅಲ್ಲಿನ ಅರ್ಕ ಸೂಪರ್ ಕಂಪ್ಯೂಟರಿನಲ್ಲಿ ಓಡುತ್ತದೆ. ಮೊದಲು 12 ಕಿಲೋಮೀಟರ್ ಇದ್ದ ಚೌಕ 6ಕ್ಕೆ ಇಳಿದಿದೆ. ಮೊದಲಿನ ಒಂದು ಚೌಕದ ಜಾಗದಲ್ಲಿ ಈಗ ನಾಲ್ಕು. ಘಟ್ಟದ ಆಕಾರಕ್ಕೆ ಇದು ದೊಡ್ಡ ಲಾಭ. ಮೂಡಿಗೆರೆಗೂ ಚಿಕ್ಕಮಗಳೂರಿಗೂ ನಡುವಿನ ವ್ಯತ್ಯಾಸ ಇದರಲ್ಲಿ ಸಿಗಬೇಕು.

ಗುಡುಗು ಮಳೆಗೆ ಮಾತ್ರ 6 ಕಿಲೋಮೀಟರ್ ಅಂದರೆ ಸ್ವಲ್ಪ ಇಕ್ಕಟ್ಟಿನ ಅಳತೆ. ಮೋಡ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಅಂದಾಜಿನ ಸೂತ್ರ ಇಟ್ಟುಕೊಳ್ಳುವಂತಿಲ್ಲ, ಬಿಡುವಂತೆಯೂ ಇಲ್ಲ. ಹಾಗಾಗಿ ಮುಂಗಾರಿಗೆ ನಾನು ಇದನ್ನು ಮುಂದೆ ಇಡುತ್ತೇನೆ, ಹೂಮಳೆಗೆ ಗುಂಪು ಮುನ್ಸೂಚನೆಯನ್ನೇ ನೋಡುತ್ತೇನೆ.

ಭಾರೀ ಮಳೆಯ ದಿನಗಳಲ್ಲಿ ಈ ಹೋಲಿಕೆಯೆಲ್ಲ ಪಕ್ಕಕ್ಕಿಡಿ. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆ ಅನ್ನುತ್ತದೆ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಇಲಾಖೆಯ ಕಿತ್ತಳೆ, ಕೆಂಪು ಎಚ್ಚರಿಕೆಯೇ ಕೊನೆಯ ಮಾತು. ಅಲ್ಲಿ ಎಲ್ಲ ಮಾದರಿಗಳನ್ನೂ ಮುಂದಿಟ್ಟುಕೊಂಡು ಮನುಷ್ಯರು ಕೂತಿರುತ್ತಾರೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು.

ಕಣದ ಕಾಫಿ, ಮತ್ತು ಎಐ ಮಾದರಿಗಳು

ನವೆಂಬರ್‌ನಿಂದ ಕುಯ್ಲು ಶುರು. ಕಣದಲ್ಲಿ ಕಾಫಿ ಹರಡಿದಾಗ ಬರುವ ಅಕಾಲಿಕ ಮಳೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳೇ ಹೆಚ್ಚಾಗಿ ಕಾರಣ. ಅವು ನೂರಾರು ಕಿಲೋಮೀಟರ್ ಅಗಲ. ಎಲ್ಲ ಮಾದರಿಗಳಿಗೂ ಕಾಣುತ್ತವೆ, ಐದಾರು ದಿನ ಮುಂಚೆಯೇ ಸುಳಿವು ಸಿಗುತ್ತದೆ.

ಎಐ ಮಾದರಿಗಳು ಹೆಸರು ಮಾಡಿರುವುದೂ ಇಲ್ಲೇ. ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ 2023ರಲ್ಲಿ ಬಂತು. ಹತ್ತು ದಿನದ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಇಸಿಎಂಡಬ್ಲ್ಯೂಎಫ್ ತನ್ನದೇ ಎಐಎಫ್‌ಎಸ್ ಅನ್ನು 2025ರ ಫೆಬ್ರವರಿ 25ರಿಂದ ನಿತ್ಯ ಓಡಿಸುತ್ತಿದೆ. ಇವು ಸಮೀಕರಣ ಬಿಡಿಸುವುದಿಲ್ಲ. ದಶಕಗಳ ಹಳೆಯ ಹವೆಯ ದಾಖಲೆ ನೋಡಿ ಕಲಿತಿವೆ. ಕುಸಿತ ಯಾವ ಕಡೆ ಸಾಗುತ್ತದೆ ಅನ್ನುವುದಕ್ಕೆ ಚೆನ್ನಾಗಿವೆ. ಆದರೆ ಅವು ಕಲಿತ ದಾಖಲೆಯ ಚೌಕವೇ ಸುಮಾರು 30 ಕಿಲೋಮೀಟರ್. ಅದರಲ್ಲಿ ನಮ್ಮ ಘಟ್ಟ ಬರೀ ಒಂದು ಇಳಿಜಾರು. ಘಟ್ಟದ ಮಳೆಯ ಪ್ರಮಾಣಕ್ಕೆ ಇವನ್ನು ಕೇಳಲೇಬೇಡಿ.

ಮನೆಯಲ್ಲೇ ಮಾದರಿ ಓಡಿಸುವವರಿಗೆ

ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ, ಸ್ವಂತ ಕಂಪ್ಯೂಟರಿನಲ್ಲಿ ಒಂದು ಪ್ರದೇಶಕ್ಕೆ ಮಾತ್ರ ಓಡಿಸುವ ಮಾದರಿಯಾದ ಡಬ್ಲ್ಯೂಆರ್‌ಎಫ್ ತೆಗೆದುಕೊಳ್ಳಬಹುದಾ ಅಂತ ಕೇಳುತ್ತಿರುತ್ತಾರೆ. ಖಂಡಿತ ತೆಗೆದುಕೊಳ್ಳಿ. ಉಚಿತ, ಗಾಳಿ ಮೇಲೆ ಕೆಳಗೆ ಓಡುವುದನ್ನೂ ಪೂರ್ತಿ ಲೆಕ್ಕ ಹಾಕುತ್ತದೆ, ಗಡಿಯ ಅಂಕಿಗಳಿಗೆ ಜಿಎಫ್‌ಎಸ್ ಪುಕ್ಕಟೆ ಸಿಗುತ್ತದೆ. ಹೊರಗೆ 9 ಕಿಲೋಮೀಟರಿನ ಚೌಕ, ಒಳಗೆ 3ರದ್ದು. 3ರಲ್ಲಿ ಗುಡುಗು ಮೋಡದ ಅಂದಾಜಿನ ಸೂತ್ರ ಆರಿಸಿಬಿಡಿ.

ಕಾಲದ ಹೆಜ್ಜೆಗೆ, ಅಂದರೆ ಲೆಕ್ಕ ಒಂದು ಸಲಕ್ಕೆ ಎಷ್ಟು ಸೆಕೆಂಡು ಮುಂದೆ ಹೋಗಬೇಕು ಅನ್ನುವುದಕ್ಕೆ, ರೂಢಿಯ ಲೆಕ್ಕ ಹೀಗಿದೆ: ಚೌಕ ಎಷ್ಟು ಕಿಲೋಮೀಟರೋ ಅದರ ಆರು ಪಟ್ಟು ಸೆಕೆಂಡು. 9ಕ್ಕೆ 54, 3ಕ್ಕೆ 18. ಘಟ್ಟದ ಮೇಲೆ ಇಷ್ಟು ಉದ್ದದ ಹೆಜ್ಜೆ ಅತಿಯಾಗುತ್ತದೆ. ಕಡಿದಾದ ಜಾಗದಲ್ಲಿ ಗಾಳಿ ಜೋರಾಗಿ ಮೇಲೇರಿ, ಒಂದು ಹೆಜ್ಜೆಯಲ್ಲಿ ಒಂದು ಚೌಕವನ್ನೇ ಹಾರಿಬಿಡುತ್ತದೆ. ಲಾಗ್ ಫೈಲಿನಲ್ಲಿ ಸಿಎಫ್‌ಎಲ್ ಅನ್ನುವ, ಅಂದರೆ ಹೆಜ್ಜೆ ಉದ್ದವಾಯಿತು ಅನ್ನುವ ಎಚ್ಚರಿಕೆಯ ಸಾಲು ಉದ್ದಕ್ಕೂ ಬಿದ್ದು ಓಟ ಸತ್ತುಹೋಗುತ್ತದೆ. ಸುಮ್ನೆ ಬೇರೆ ಏನೇನೋ ಬದಲಿಸಬೇಡಿ, ಹೊರಗಿನ ಹೆಜ್ಜೆಯನ್ನು 36ಕ್ಕೆ, ಒಳಗಿನದ್ದನ್ನು 12 ಸೆಕೆಂಡಿಗೆ ಇಳಿಸಿ ನೋಡಿ. 3ರಿಂದ 1 ಕಿಲೋಮೀಟರಿಗೆ ಹೋಗುವ ಆಸೆ ಬಂದರೆ ಖರ್ಚು ನೆನಪಿರಲಿ. ಅದೇ ಜಾಗಕ್ಕೆ ಚೌಕ ಒಂಬತ್ತು ಪಟ್ಟು, ಹೆಜ್ಜೆ ಮೂರು ಪಟ್ಟು, ಒಟ್ಟು 27 ಪಟ್ಟು ಕೆಲಸ. ಮೊದಲ ಆರರಿಂದ ಹನ್ನೆರಡು ಗಂಟೆಯ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಮೋಡ ಕಟ್ಟಿಕೊಳ್ಳಲು ಮಾದರಿಗೆ ಅಷ್ಟು ಹೊತ್ತು ಬೇಕು.

ತೋಟದವರು ದಿನಾ ನೋಡಲು ಇದು ಬೇಡ. 3 ಕಿಲೋಮೀಟರಿನ ಚಿತ್ರ ನೋಡಲು ಎಷ್ಟು ನಿಜವಾಗಿ ಕಾಣುತ್ತದೆ ಅಂದರೆ ನಂಬಿಕೆ ಬಂದುಬಿಡುತ್ತದೆ. ಮೋಡ ಮಾತ್ರ 20 ಕಿಲೋಮೀಟರ್ ಆಚೆ ಎದ್ದಿರುತ್ತದೆ.

ಪ್ರಶ್ನೆ ಆಕಾಶದ್ದಲ್ಲ, ಹೊಳೆಯದ್ದು ಅನ್ನುವವರೂ ಇದ್ದಾರೆ. ಹೇಮಾವತಿಯ ನೀರು ಯಾವ ಗದ್ದೆಗೆ ನುಗ್ಗುತ್ತದೆ? ಗೊರೂರು ಜಲಾಶಯ 2,922 ಅಡಿಗೆ ತುಂಬಿದಾಗ ಬಾಗಿಲು ತೆಗೆದರೆ ಕೆಳಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ? ಇದಕ್ಕೆ ಡಬ್ಲ್ಯೂಆರ್‌ಎಫ್ ಬೇಡ. ನೀರಿನ ಆಳ ಅಗಲಕ್ಕಿಂತ ತುಂಬ ಕಡಿಮೆ ಇರುವುದರಿಂದ ತೆಳುನೀರಿನ ಸಮೀಕರಣಗಳು ಸಾಕು. ಅಮೆರಿಕದ ಸೇನಾ ಎಂಜಿನಿಯರುಗಳ ಹೆಕ್-ರಾಸ್ ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅಂತಿಮ ವರ್ಷದ ಸಿವಿಲ್ ಹುಡುಗರಿಗೆ ನಾನು ಇದನ್ನೇ ಹೇಳುವುದು.

ನೆಲದ ಎತ್ತರದ ನಕ್ಷೆಯಲ್ಲಿ ಮಾತ್ರ ಹುಷಾರಾಗಿರಿ. ಉಚಿತವಾಗಿ ಸಿಗುವ 30 ಮೀಟರಿನ ಎಸ್‌ಆರ್‌ಟಿಎಂ ನಕ್ಷೆ ನೆಲವನ್ನಲ್ಲ, ಮರದ ತಲೆಯ ಆಸುಪಾಸನ್ನು ಅಳೆದಿರುತ್ತದೆ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟ ಅದಕ್ಕೆ ಹತ್ತಾರು ಮೀಟರ್ ಎತ್ತರದ ದಿಬ್ಬದ ಹಾಗೆ ಕಾಣಬಹುದು. ಪಕ್ಕದ ಗದ್ದೆ ಬಯಲು ಇದ್ದ ಹಾಗೇ ಇರುತ್ತದೆ. ಪ್ರವಾಹದ ನೀರು ತೋಟಕ್ಕೆ ಹತ್ತುವುದೇ ಇಲ್ಲ ಅಂತ ಮಾದರಿ ಹೇಳಿದರೆ ನಂಬುವ ಮುಂಚೆ ಸಕಲೇಶಪುರದ ಸೇತುವೆಯಿಂದ ಕೆಳಗೆ ನಾಲ್ಕೈದು ಕಡೆ ಹೊಳೆಗೆ ಅಡ್ಡಲಾಗಿ ಲೆವೆಲ್ ಹಿಡಿದು ಅಳೆಯಿರಿ, ಬೇಸಿಗೆಯಲ್ಲಿ ನೀರು ಇಳಿದಾಗ.